ಜಾರುವ ಬಾಗಿಲ ಗಾಜು: ದುರಸ್ತಿಯೋ, ಬದಲಾವಣೆಯೋ?

ಸಣ್ಣ ಸರಕು ವಾಹನ ಇಟ್ಟುಕೊಂಡಿರುವ ವರ್ತಕರು ಎಂಜಿನ್, ಟೈರು, ಬ್ಯಾಟರಿಗಳ ಸ್ಥಿತಿಯನ್ನು ಆಗಾಗ ವಿಚಾರಿಸುತ್ತಾರೆ. ಬಾಗಿಲಿನ ಗಾಜು ಅವರ ಗಮನಕ್ಕೆ ಬರುವುದು ಅದು ಪೂರ್ತಿ ಕೆಟ್ಟ ಮೇಲೆಯೇ. ಗಾಜು ಒಂದು ಮಗ್ಗುಲಿಗೆ ವಾಲಿ ಏರತೊಡಗಿದ ದಿನಗಳಲ್ಲಿ ಚಾಲಕನು ಅದನ್ನು ಅಂಗೈಯಿಂದ ಒತ್ತಿ ನೇರಗೊಳಿಸಿಕೊಂಡು ಕಾಲ ತಳ್ಳುತ್ತಾನೆ. ಇನ್ನೂ ಜಾರಿದರೆ ಸಂದಿಯಲ್ಲಿ ರಟ್ಟಿನ ತುಂಡೊಂದನ್ನು ಸಿಕ್ಕಿಸುತ್ತಾನೆ. ಕೊನೆಗೊಂದು ದಿನ ಗಾಜು ತನ್ನ ಚಾನೆಲ್ ಬಿಟ್ಟು ಬಾಗಿಲಿನ ಪೊಳ್ಳಿನೊಳಗೆ ಕುಸಿಯುತ್ತದೆ. ಗಾಜು ಮುಚ್ಚದ ವಾಹನವನ್ನು ರಾತ್ರಿ ಬೀದಿಯಲ್ಲಿ ನಿಲ್ಲಿಸುವಂತಿಲ್ಲ, ಮಳೆಯಲ್ಲಿ ಓಡಿಸುವಂತಿಲ್ಲ. ಆಗ ವಾಹನ ಗ್ಯಾರೇಜಿಗೆ ಹೋಗುತ್ತದೆ. ಅಲ್ಲಿ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ‘ಅಸೆಂಬ್ಲಿ ಪೂರ್ತಿ ಬದಲಾಯಿಸಬೇಕು.’

ಈ ಉತ್ತರ ಕೆಲವೊಮ್ಮೆ ಸರಿ, ಅನೇಕ ವೇಳೆ ಸರಿಯಲ್ಲ. ಯಾವಾಗ ಸರಿ ಎಂಬುದನ್ನು ಹಣ ತೆರುವವರು ತಿಳಿದಿರುವುದು ಅವಶ್ಯಕ.

ಬಾಗಿಲಿನೊಳಗಿನ ವ್ಯವಸ್ಥೆ ಜಟಿಲವಾದುದೇನಲ್ಲ. ಗಾಜಿನ ಎರಡು ಅಂಚುಗಳು ರಬ್ಬರ್ ಬೀಡಿಂಗ್ ಹೊದಿಸಿದ ಚಾನೆಲ್‌ಗಳಲ್ಲಿ ಓಡಾಡುತ್ತವೆ. ಗಾಜಿನ ಕೆಳ ಅಂಚನ್ನು ಹಿಡಿದು ಮೇಲೆ ಕೆಳಗೆ ಒಯ್ಯುವುದು ರೆಗ್ಯುಲೇಟರ್. ಹಳೆಯ ಮಾದರಿಯಲ್ಲಿ ಕತ್ತರಿಯಂತೆ ಚಲಿಸುವ ಉಕ್ಕಿನ ತೋಳುಗಳೂ ಅವುಗಳ ತುದಿಯಲ್ಲಿ ನೈಲಾನ್ ರೋಲರ್‌ಗಳೂ ಇರುತ್ತವೆ. ಹೊಸ ಮಾದರಿಯಲ್ಲಿ ತೆಳುವಾದ ಉಕ್ಕಿನ ಕೇಬಲ್ ಮತ್ತು ಅದಕ್ಕೆ ಜೋಡಿಸಿದ ಪ್ಲಾಸ್ಟಿಕ್ ಕ್ಲಿಪ್‌ಗಳು. ಇಷ್ಟರಲ್ಲಿ ಮೊದಲು ಸೋಲುವುದು ಉಕ್ಕಲ್ಲ, ಗಾಜೂ ಅಲ್ಲ. ಧೂಳು ತುಂಬಿದ ಬೀಡಿಂಗ್ ಬಿಸಿಲಿಗೆ ಗಡುಸಾಗಿ ಗಾಜನ್ನು ಬಿಗಿ ಹಿಡಿಯುತ್ತದೆ. ಆ ಒತ್ತಡವನ್ನು ತಾಳಲಾರದೆ ಕ್ಲಿಪ್ ಒಡೆಯುತ್ತದೆ ಅಥವಾ ರೋಲರ್ ಸವೆದು ತನ್ನ ಹಳಿಯಿಂದ ಹೊರಬೀಳುತ್ತದೆ. ಕೆಲವೊಮ್ಮೆ ಏನೂ ಒಡೆದಿರುವುದಿಲ್ಲ. ದಿನಕ್ಕೆ ಹತ್ತಾರು ಬಾರಿ ಬಾಗಿಲು ಬಡಿದ ಅದುರಿಗೆ ಬೋಲ್ಟು ಸಡಿಲಗೊಂಡಿರುತ್ತದೆ, ಅಷ್ಟೆ.

ದುರಸ್ತಿಯ ಕ್ರಮವೂ ಸರಳವೇ. ವಿದ್ಯುಚ್ಚಾಲಿತ ಗಾಜಾದರೆ ಮೊದಲು ಬ್ಯಾಟರಿಯ ಸಂಪರ್ಕ ತೆಗೆಯಬೇಕು. ಹಿಡಿಕೆಯ ಹಿಂದಿನ ಸ್ಕ್ರೂಗಳನ್ನು ಬಿಚ್ಚಿ, ಒಳ ಹೊದಿಕೆಯನ್ನು ಕಳಚಿ, ಅದರ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಸರಿಸಬೇಕು. ಗಾಜನ್ನು ಮೇಲೆತ್ತಿ ಟೇಪಿನಿಂದ ಬಾಗಿಲಿನ ಚೌಕಟ್ಟಿಗೆ ಅಂಟಿಸಿ ನಿಲ್ಲಿಸಿದರೆ ಒಳಗಿನ ದೋಷ ಕಣ್ಣಿಗೆ ಬೀಳುತ್ತದೆ. ಚಾನೆಲ್ ಶುಚಿಗೊಳಿಸಿ, ಒಡೆದ ಕ್ಲಿಪ್ಪನ್ನೋ ರೋಲರನ್ನೋ ಬದಲಿಸಿ, ಬೋಲ್ಟುಗಳನ್ನು ಅರ್ಧ ಬಿಗಿದು, ಗಾಜನ್ನು ಪೂರ್ತಿ ಮೇಲಕ್ಕೇರಿಸಿ ಎರಡೂ ಬದಿ ಸಮನಾಗಿ ಕುಳಿತುಕೊಂಡ ಮೇಲೆಯೇ ಕೊನೆಯ ಬಿಗಿತ ಕೊಡಬೇಕು. ಈ ಕೊನೆಯ ಹೆಜ್ಜೆಯನ್ನು ಅವಸರದಲ್ಲಿ ಬಿಟ್ಟರೆ ಗಾಜು ಮತ್ತೆ ವಾಲುತ್ತದೆ. ಬೀಡಿಂಗಿಗೆ ಸಿಲಿಕೋನ್ ಸ್ಪ್ರೇ ಸೂಕ್ತ. ಸಾಮಾನ್ಯ ಗ್ರೀಸು ಧೂಳನ್ನು ಕೂಡಿಹಾಕುವುದಲ್ಲದೆ ರಬ್ಬರನ್ನೂ ಕೆಡಿಸುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ‘ಬೇಡದ ವಸ್ತು’ ಎಂದು ಎಸೆಯುವ ಮೆಕ್ಯಾನಿಕ್ಕರೂ ಇದ್ದಾರೆ. ಬಾಗಿಲಿನೊಳಗೆ ಇಳಿಯುವ ಮಳೆನೀರು ಕ್ಯಾಬಿನ್ನಿಗೆ ಬರದಂತೆ ತಡೆಯುವುದು ಆ ಹಾಳೆಯೇ. ಬಾಗಿಲಿನ ತಳದ ಸಣ್ಣ ರಂಧ್ರಗಳು ಮುಚ್ಚಿಹೋಗಿದ್ದರೆ ನೀರು ಒಳಗೇ ನಿಂತು ತಗಡು ತುಕ್ಕು ಹಿಡಿಯುತ್ತದೆ.

ಹಾಗೆಂದು ಅಸೆಂಬ್ಲಿ ಬದಲಾಯಿಸುವುದೆಲ್ಲ ವಂಚನೆ ಎನ್ನಲಾಗದು. ಕೇಬಲ್ಲಿನ ಎಳೆಗಳು ಬಿಚ್ಚಿಕೊಂಡಿದ್ದರೆ, ಉಕ್ಕಿನ ತೋಳು ಬಾಗಿದ್ದರೆ, ಹಲ್ಲುಗಾಲಿ ಸವೆದಿದ್ದರೆ ತೇಪೆ ಕೆಲಸ ಕೆಲವೇ ವಾರಗಳ ಮಾತು. ಆಗ ಪೂರ್ತಿ ಬದಲಾವಣೆಯೇ ಮಿತವ್ಯಯ. ಪಕ್ಕದ ಬಾಗಿಲಿನ ಗಾಜು ಸಾಮಾನ್ಯವಾಗಿ ಹದಗೊಳಿಸಿದ ಸುರಕ್ಷತಾ ಗಾಜು. ಅದನ್ನು ಕತ್ತರಿಸಲಾಗದು, ಕೊರೆಯಲಾಗದು. ಅಂಚಿಗೆ ಬಲವಾದ ಪೆಟ್ಟು ಬಿದ್ದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಆದ್ದರಿಂದ ಅನುಭವವಿಲ್ಲದವರ ಕೈಗೆ ಈ ಕೆಲಸ ಒಪ್ಪಿಸುವುದೂ ಜಾಣತನವಲ್ಲ. ಪ್ರಶ್ನೆ ಇರುವುದು ಪರೀಕ್ಷಿಸದೆ ನೀಡುವ ಉತ್ತರದ ಬಗ್ಗೆ. ಒಳ ಹೊದಿಕೆಯನ್ನು ಬಿಚ್ಚುವ ಮೊದಲೇ ಅಸೆಂಬ್ಲಿಯ ದರ ಹೇಳುವ ಗ್ಯಾರೇಜು ಪರೀಕ್ಷೆ ನಡೆಸಿಲ್ಲವೆಂದೇ ಅರ್ಥ. ಕಳಚಿದ ಹಳೆಯ ಭಾಗವನ್ನು ಕೇಳಿ ಪಡೆಯುವ ಅಭ್ಯಾಸವೊಂದಿದ್ದರೆ ಈ ಬಗೆಯ ಅರ್ಧದಷ್ಟು ವ್ಯವಹಾರ ತಾನಾಗಿಯೇ ನಿಲ್ಲುತ್ತದೆ.

ಲೆಕ್ಕದ ದೃಷ್ಟಿಯಿಂದ ನೋಡಿದರೆ ದೊಡ್ಡ ನಷ್ಟ ಬಿಲ್ಲಿನಲ್ಲಿ ಕಾಣಿಸುವುದೇ ಇಲ್ಲ. ವಾಹನವು ದಿನಕ್ಕೆ ನಿವ್ವಳ 2,000 ರೂ. ದುಡಿಯುತ್ತದೆಂದು ಭಾವಿಸಿದರೆ, ಅಸೆಂಬ್ಲಿ ಬರುವವರೆಗೆ ಎರಡು ದಿನ ನಿಂತದ್ದಕ್ಕೆ 4,000 ರೂ. ಹೋಯಿತು. ಅದಕ್ಕೆ ವೋಚರ್ ಇಲ್ಲ, ಖಾತೆಯೂ ಇಲ್ಲ. ಗಾಜು ಮೊದಲ ಬಾರಿ ವಾಲಿದಾಗಲೇ ಅರ್ಧ ದಿನ ಬಿಡುವು ಮಾಡಿಕೊಂಡಿದ್ದರೆ ಆ ಹಣದ ಬಹುಭಾಗ ಉಳಿಯುತ್ತಿತ್ತು.

‘ಹೇಗೂ ಖರ್ಚು ತೋರಿಸುತ್ತೇವಲ್ಲ’ ಎಂಬ ಮಾತು ವರ್ತಕರಲ್ಲಿ ಪ್ರಚಲಿತ. ಇದರಲ್ಲಿ ಹುರುಳು ಕಡಿಮೆ. 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಇರುವ ಆಸ್ತಿಯನ್ನು ಕಾಪಾಡಿಕೊಳ್ಳುವ ವೆಚ್ಚವೇ ಚಾಲ್ತಿ ದುರಸ್ತಿ, ಹೊಸ ಆಸ್ತಿಯನ್ನು ತರುವ ವೆಚ್ಚವಲ್ಲ ಎಂದು ವಿವರಿಸಿತು. ಇಲ್ಲಿ ಆಸ್ತಿ ಎಂದರೆ ವಾಹನ. ಕ್ಲಿಪ್ ಹಾಕಿದರೂ ಅಸೆಂಬ್ಲಿ ಹಾಕಿದರೂ ಅದು ದುರಸ್ತಿಯೇ. ದುಬಾರಿಯಾದುದನ್ನು ಆರಿಸಿಕೊಂಡರೆ ಆದಾಯ ತೆರಿಗೆಯಲ್ಲಿ ವಿಶೇಷ ಲಾಭವೇನೂ ಇಲ್ಲ. ಅಂದಾಜು ಆದಾಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗಂತೂ ದುರಸ್ತಿ ವೆಚ್ಚಕ್ಕೆ ಪ್ರತ್ಯೇಕ ಕಡಿತವೇ ಇಲ್ಲ. ಅವರು ಉಳಿಸಿದ ಪ್ರತಿ ರೂಪಾಯಿಯೂ ಅವರದೇ. ಜಿ.ಎಸ್.ಟಿ.ಯಲ್ಲಿ ವಾಹನದ ಬಿಡಿಭಾಗಗಳಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 18ರ ದರ ಅನ್ವಯಿಸುತ್ತಿದೆ. ಸರಕು ವಾಹನದ ದುರಸ್ತಿಗೆ ತೆತ್ತ ತೆರಿಗೆಯ ಜಮೆ, ಅಂದರೆ ಇನ್‌ಪುಟ್ ಕ್ರೆಡಿಟ್, ದೊರೆಯುತ್ತದೆ. ಮಾಲೀಕರು ಓಡಾಡುವ ಕಾರಿನ ದುರಸ್ತಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಎರಡಕ್ಕೂ ಇಲ್ಲ. ಎರಡು ವಾಹನಗಳ ಕೆಲಸವನ್ನು ಒಂದೇ ಬಿಲ್ಲಿನಲ್ಲಿ ಬರೆಸಿ, ವಾಹನದ ಸಂಖ್ಯೆಯನ್ನೂ ನಮೂದಿಸದೆ ಜಮೆ ಪಡೆದರೆ ಪರಿಶೀಲನೆಯ ವೇಳೆ ಉತ್ತರಿಸುವುದು ಕಷ್ಟವಾಗುತ್ತದೆ.

ವಿಮೆಯನ್ನು ನೆಚ್ಚಿಕೊಳ್ಳುವವರೂ ಉಂಟು. ಸವೆತದಿಂದ ಗಾಜು ಜಾರಿದುದಕ್ಕೆ ಸಾಮಾನ್ಯ ಪಾಲಿಸಿಯಲ್ಲಿ ಪರಿಹಾರವಿಲ್ಲ. ಅಪಘಾತದಲ್ಲಿ ಗಾಜೇ ಒಡೆದಿದ್ದರೆ ಗಾಜಿಗೆ ಸವಕಳಿ ಕಡಿತವಿಲ್ಲ, ನಿಜ. ಆದರೆ ರಬ್ಬರು, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ ಶೇ. 50ರಷ್ಟು ಕಡಿತವಿದೆ. ಸಣ್ಣ ಮೊತ್ತದ ಕ್ಲೇಮು ಹೂಡಿ, ಮುಂದಿನ ಕಂತಿನಲ್ಲಿ ಶೇ. 20ರಿಂದ 50ರವರೆಗೆ ಇರುವ ನೋ ಕ್ಲೇಮ್ ಬೋನಸ್ ಕಳೆದುಕೊಳ್ಳುವುದು ಕೊಸರಿಗೆ ಹೋಗಿ ಅಸಲು ಬಿಟ್ಟಂತೆ.

ಇನ್ನು ಬಿಡಿಭಾಗಗಳ ಲಭ್ಯತೆಯ ವಿಚಾರ. ಮೆಕ್ಯಾನಿಕ್ಕರ ಕಷ್ಟವನ್ನೂ ಇಲ್ಲಿ ಹೇಳಬೇಕು. ಒಡೆದದ್ದು ಹೆಬ್ಬೆರಳಿನಷ್ಟು ಗಾತ್ರದ ಕ್ಲಿಪ್. ಕಂಪನಿಯ ಪಟ್ಟಿಯಲ್ಲಿರುವುದು ಇಡೀ ರೆಗ್ಯುಲೇಟರ್. ಕ್ಲಿಪ್ ಮಾತ್ರ ಬೇಕೆಂದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆಯಬೇಕು. ಜಿಲ್ಲಾ ಕೇಂದ್ರದ ಗ್ಯಾರೇಜಿನವರಿಗೆ ಆ ಅವಕಾಶವೂ ಇಲ್ಲ. ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ತಯಾರಕರ ಮೇಲೆ 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ಆ ಆದೇಶ ಮೇಲ್ಮನವಿಗಳಿಗೂ ಒಳಗಾಯಿತು. 2022ರಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ಡಿಸೆಂಬರ್‌ನಲ್ಲಿ ಜಾಲತಾಣವನ್ನೂ ತೆರೆಯಿತು. ಅದರ ನಾಲ್ಕು ಕ್ಷೇತ್ರಗಳಲ್ಲಿ ವಾಹನವೂ ಒಂದು. ಇವೆಲ್ಲ ಸ್ವಾಗತಾರ್ಹ, ಆದರೆ ತಾಲ್ಲೂಕಿನ ಗ್ಯಾರೇಜಿಗೆ ಇದರಿಂದ ಕ್ಲಿಪ್ ತಲುಪಿಲ್ಲ.

ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಪ್ಲಾಸ್ಟಿಕ್ ಅಚ್ಚಿನ ಘಟಕಗಳಿಗೆ ಕೊರತೆಯಿಲ್ಲ. ಹೆಚ್ಚು ಓಡುವ ನಾಲ್ಕೈದು ಸರಕು ವಾಹನಗಳ ಕ್ಲಿಪ್, ರೋಲರ್, ಬೀಡಿಂಗ್‌ಗಳನ್ನು ಉತ್ತಮ ದರ್ಜೆಯ ಕಚ್ಚಾ ಸಾಮಗ್ರಿಯಿಂದ ತಯಾರಿಸಿ, ವಾಹನದ ಮಾದರಿ ನಮೂದಿಸಿದ ಪೊಟ್ಟಣದಲ್ಲಿ ಜಿಲ್ಲೆಗಳಿಗೆ ತಲುಪಿಸುವುದು ಸಣ್ಣ ಉದ್ದಿಮೆದಾರರ ಅಳವಿಗೆ ಮೀರಿದ್ದಲ್ಲ. ಕಳಪೆ ನೈಲಾನ್ ಬಳಸಿ ಮೊದಲ ಬೇಸಿಗೆಯಲ್ಲೇ ಹೆಸರು ಕೆಡಿಸಿಕೊಳ್ಳಬಾರದಷ್ಟೆ. ಈ ಭಾಗಗಳಿಗೆ ತಯಾರಕರ ಪಟ್ಟಿಯಲ್ಲಿ ಪ್ರತ್ಯೇಕ ಸಂಖ್ಯೆಯೂ ಪ್ರತ್ಯೇಕ ಬೆಲೆಯೂ ಇರಬೇಕೆಂಬ ಬೇಡಿಕೆಯನ್ನು ವಾಣಿಜ್ಯ ಸಂಸ್ಥೆಗಳು ಇಲಾಖೆಯ ಮುಂದಿಡಬಹುದು. ಅಸೆಂಬ್ಲಿಗೆ ಹಣ ತೆತ್ತ ಸದಸ್ಯರು ಕಳೆದೆರಡು ವರ್ಷಗಳ ಬಿಲ್ಲುಗಳ ಪ್ರತಿಗಳನ್ನು ಒದಗಿಸಿದರೆ ಆ ಮನವಿಗೆ ಬೇಕಾದ ಪುರಾವೆ ಅಲ್ಲೇ ಸಿಗುತ್ತದೆ.