ಮಡಿವಾಳದ ಹುಡುಗರಿಗೆ ಮಡಿವಾಳ ಗೊತ್ತೇ?



ಮಡಿವಾಳ ಅಂದರೆ ನಿಮಗೆ ಏನು ನೆನಪಾಗುತ್ತದೆ? ಮಾರ್ಕೆಟ್ಟು, ಕೆರೆ, ಸಿಲ್ಕ್ ಬೋರ್ಡಿನ ಕಡೆ ಮುಗಿಯದ ಟ್ರಾಫಿಕ್ಕು, ರಾತ್ರಿ ಪರರಾಜ್ಯಕ್ಕೆ ಹೊರಡುವ ಬಸ್ಸುಗಳ ಸಾಲು. ಅಷ್ಟೇ ತಾನೇ? ಮಡಿವಾಳ ಅನ್ನುವುದು ಒಂದು ಹಕ್ಕಿಯ ಹೆಸರೂ ಹೌದು ಸ್ವಾಮಿ! ಕಪ್ಪು-ಬಿಳುಪು ಮೈ, ನಿಗುರಿಸಿದ ಬಾಲ. ಬೆಳಗಿನ ಜಾವ ಕಾಂಪೌಂಡಿನ ಮೇಲೆ ಕೂತು ಹಾಡುತ್ತದಲ್ಲ, ಅದೇ. ಮ್ಯಾಗ್‌ಪೈ ರಾಬಿನ್ ಅಂದರೆ ನಿಮ್ಮಲ್ಲಿ ಕೆಲವರು ಕೈ ಎತ್ತುತ್ತೀರಿ. ಮಡಿವಾಳ ಅಂದರೆ ಯಾರೂ ಎತ್ತುವುದಿಲ್ಲ.

ಈಗ ಬಿ.ಟಿ.ಎಂ., ಜಯನಗರದ ಕುಟುಂಬಗಳೆಲ್ಲ ರಜೆ ಬಂತೆಂದರೆ ಹಕ್ಕಿ ನೋಡಲು ಕಾಡಿಗೆ ಹೊರಡುತ್ತವೆ. ಒಳ್ಳೆಯದೇ. ಮಾಲ್ ಸುತ್ತುವುದಕ್ಕಿಂತ ಎಷ್ಟೋ ಮೇಲು. ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಗಣೇಶಗುಡಿಗೆ ಹೋಗಿ ನೋಡಿ. ಕಾಳಿ ನದಿಗೆ ಸೂಪಾ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ಊರೇ ಮುಳುಗಿ ಹೋಯಿತು. ಆ ಕೆಲಸಕ್ಕೆ ಸಿಡಿಮದ್ದು ಇಟ್ಟಿದ್ದ ಜಾಗವೇ ಇಂದು ನಮ್ಮ ಸರಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಓಲ್ಡ್ ಮ್ಯಾಗಜೀನ್ ಹೌಸ್. ಮ್ಯಾಗಜೀನ್ ಅಂದರೆ ವಾರಪತ್ರಿಕೆ ಅಂದುಕೊಳ್ಳಬೇಡಿ! ಶ್ರೀರಂಗಪಟ್ಟಣ, ಚಿತ್ರದುರ್ಗ ನೋಡಿದವರಿಗೆ ಅದರ ಕನ್ನಡ ಗೊತ್ತು: ಮದ್ದಿನಮನೆ. ಹಳೇ ಮದ್ದಿನಮನೆ ಎಂದು ದೊಡ್ಡದಾಗಿ ಬರೆದರೆ ಪ್ರವಾಸಿಗರೇನು ಓಡಿ ಹೋಗುತ್ತಾರೆಯೇ?

ಅಲ್ಲಿ ಹಕ್ಕಿಯ ಹಿಂದೆ ನೀವು ಅಲೆಯಬೇಕಿಲ್ಲ. ಮಣ್ಣಿನ ಬಾನಿಯಲ್ಲೋ ಕಲ್ಲಿನ ಗುಂಡಿಯಲ್ಲೋ ನೀರಿಟ್ಟಿರುತ್ತಾರೆ. ಸುಮ್ಮನೆ ಕೂತರೆ ಸಾಕು, ಪಿಕಳಾರ, ಕಾಜಾಣ, ಕಾಡಿನ ನೊಣಹಿಡುಕಗಳು ಒಂದೊಂದಾಗಿ ಸ್ನಾನಕ್ಕೆ ಇಳಿಯುತ್ತವೆ. ಬೇಸಿಗೆಯಲ್ಲಿ ಕಾಡಿನ ಹಳ್ಳ ಬತ್ತಿದಷ್ಟೂ ಇಲ್ಲಿ ಜಾತ್ರೆ. ಅದೃಷ್ಟವಿದ್ದರೆ ಕೆಂಪು ಹೊಟ್ಟೆಯ ಕಾಕರಣೆ ಹಕ್ಕಿ ಸಿಕ್ಕೀತು. ಅತ್ತಿ ಹಣ್ಣಾದ ಕಡೆ ಮಂಗಟ್ಟೆ ಗ್ಯಾರಂಟಿ. ಇದರ ಸಂಸಾರ ಕೇಳಿದ್ದೀರಾ? ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಬಾಗಿಲನ್ನೇ ಮೆತ್ತಿಕೊಳ್ಳುತ್ತದೆ, ಸಣ್ಣ ಸೀಳು ಮಾತ್ರ ಉಳಿಸಿ. ತಿಂಗಳುಗಟ್ಟಲೆ ಗಂಡು ಆ ಸೀಳಿನಿಂದಲೇ ಹಣ್ಣು ತಿನ್ನಿಸುತ್ತದೆ. ಆ ಗಂಡಿಗೆ ಏನಾದರೂ ಆಯಿತೋ, ಒಳಗಿನ ಜೀವಗಳೂ ಕಷ್ಟಕ್ಕೆ ಸಿಕ್ಕವು. ದೊಡ್ಡ ಹಳೆಯ ಮರ ಕಡಿದರೆ ಹೋಗುವುದು ಬರೀ ಸೌದೆಯಲ್ಲ.

ಆದರೆ ನಾವು ಮನೆಮಂದಿಯೆಲ್ಲ ಹೋಗಿದ್ದ ಒಂದು ಕಾಡುಮನೆಯಲ್ಲಿ (ಹೆಸರು ಬೇಡ) ಕಂಡದ್ದೇನು? ಗೋಡೆಯ ಮೇಲಿನ ಹಕ್ಕಿ ಪಟ್ಟಿ ಪೂರಾ ಇಂಗ್ಲಿಷು. ಗೈಡ್ ಹುಡುಗ ಕನ್ನಡದವನೇ. ಬೆಂಗಳೂರಿನ ಕನ್ನಡದ ಮಕ್ಕಳಿಗೆ ಇಂಗ್ಲಿಷಿನಲ್ಲೇ ಪಾಠ. "ಇದಕ್ಕೆ ನಿಮ್ಮೂರಲ್ಲಿ ಏನಂತಾರಪ್ಪ?" ಎಂದು ಕೇಳಿದಾಗ ಅವನ ಮುಖ ಅರಳಿತು. "ಇಲ್ಲಿಗೆ ಬಂದವರು ಇದನ್ನು ಕೇಳೋದೇ ಇಲ್ಲ ಸಾರ್," ಅಂದ. ಆಮೇಲೆ ಅವನು ಹೇಳಿದ ಹೆಸರುಗಳಲ್ಲಿ ಅರ್ಧದಷ್ಟು ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವು ಅವನ ಅಜ್ಜನಿಂದ ಬಂದವು. ಇವನ ಮಕ್ಕಳಿಗೆ ದಾಟುತ್ತವೆಯೇ?

ಕನ್ನಡದಲ್ಲಿ ಹೆಸರಿಲ್ಲ ಎಂದು ಮಾತ್ರ ಯಾರೂ ಹೇಳಬಾರದು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಕ್ಯಾಮೆರಾ ಹಿಡಿದು ಕಾಡು ಸುತ್ತಿ ಕನ್ನಡನಾಡಿನ ಹಕ್ಕಿಗಳ ಬಗ್ಗೆ ಕನ್ನಡದಲ್ಲೇ ಬರೆದಿಟ್ಟು 2007ರಲ್ಲಿ ಹೋದರು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರನ್ನು ಕೇಳಿ. ಮನೆ ಮುಂದಿನ ಮರದಲ್ಲಿ ಗೂಡು ಕಟ್ಟುವ ಹೆಜ್ಜಾರ್ಲೆಯನ್ನು ಅವರು ಬಾಣಂತನಕ್ಕೆ ತವರಿಗೆ ಬಂದ ಮಗಳ ಹಾಗೆ ನೋಡುತ್ತಾರೆ. ಅದೇ ಹೆಜ್ಜಾರ್ಲೆ ನಮ್ಮ ಮಡಿವಾಳ ಕೆರೆಗೂ ಬರುತ್ತದೆ. ಇಲ್ಲಿ ಅದು ಪೆಲಿಕನ್!

ಒಂದು ಎಚ್ಚರಿಕೆ. ಜೋಯಿಡಾದಲ್ಲಿ ಕುಣಬಿಗಳ ಮನೆಮಾತು ಕೊಂಕಣಿ. ಅವರ ಬಾಯಲ್ಲಿ ಕೊಂಕಣಿ ಹೆಸರು ಬಂದರೆ ಕನ್ನಡ ಅಭಿಮಾನ ತೋರಿಸಲು ಹೋಗಬೇಡಿ. ಅದೂ ಈ ಕಾಡಿನದೇ ಹೆಸರು, ಬರೆದುಕೊಳ್ಳಿ. ನಮ್ಮ ಜಗಳ ಸರಕಾರದ ಜೊತೆ. 1963ರ ರಾಜಭಾಷಾ ಕಾಯ್ದೆ ಇರುವ ರಾಜ್ಯದಲ್ಲಿ, ಸರಕಾರಿ ದುಡ್ಡಿನಲ್ಲಿ ನಡೆಯುವ ಪ್ರತಿ ಕಾಡುಮನೆಯಲ್ಲೂ ಕನ್ನಡದ ಹಕ್ಕಿ ಪಟ್ಟಿ ಇರಲೇಬೇಕು. ಗೈಡುಗಳ ತರಬೇತಿಯಲ್ಲಿ ಊರಿನ ಹೆಸರುಗಳೂ ಸೇರಬೇಕು.

ನೀವು ಹೋದಾಗ ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯಬೇಡಿ, ಗೂಡಿನ ಹತ್ತಿರ ಸುಳಿಯಬೇಡಿ. ಹೊರಡುವ ಮೊದಲು ಅತಿಥಿ ಪುಸ್ತಕ ಕೇಳಿ ಪಡೆಯಿರಿ. ಕಂಡ ಹಕ್ಕಿಗಳ ಹೆಸರನ್ನೆಲ್ಲ ಕನ್ನಡದಲ್ಲೇ ಬರೆದು, ಕೆಳಗೆ ಕನ್ನಡದಲ್ಲೇ ಸಹಿ ಹಾಕಿ. ಮಂಗಟ್ಟೆ ಕಾಣದಿದ್ದರೆ ಕಂಡೆವು ಎಂದು ಸುಳ್ಳು ಮಾತ್ರ ಬರೆಯಬೇಡಿ!