ಗುದ್ದಾಟವೂ ಮನೆವಾರ್ತೆಯೂ

ಚಿತ್ರಕಥೆಯೆಂದರೆ ಬರಿಯ ಹೊಡೆದಾಟವೆಂದು ಮೂಗು ಮುರಿಯುವ ಹಿರಿಯರು ನಮ್ಮ ಮಂಗಳೂರಿನಲ್ಲಿ ಇನ್ನೂ ಇದ್ದಾರೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 1967ರಲ್ಲಿ ‘ಅಮರ ಚಿತ್ರಕಥಾ’ ಮಾಲೆಯನ್ನು ಆರಂಭಿಸಿದ ಮೇಲೆ ಈ ಗೊಣಗು ಕೊಂಚ ತಗ್ಗಿತೆನ್ನಬೇಕು. ಪುರಾಣದ ಹೊಡೆದಾಟಕ್ಕೆ ಯಾರ ಆಕ್ಷೇಪವೂ ಇಲ್ಲವಷ್ಟೆ!

ಈಚೆಗೆ ವಿದ್ಯಾರ್ಥಿಯೊಬ್ಬನು ತಾನೇ ಬರೆದು ಚಿತ್ರಿಸಿದ ಸೂಪರ್‌ಹೀರೋ ಕಥೆಯೊಂದನ್ನು ತಂದು ತೋರಿಸಿದನು. ನಾಲ್ಕು ಪುಟ ಗುದ್ದಾಟ, ನಾಲ್ಕು ಪುಟ ನಾಯಕನ ತಾಯಿಯ ಕಾಯಿಲೆ. ಮತ್ತೆ ಗುದ್ದಾಟ, ಮತ್ತೆ ಕಣ್ಣೀರು. ತಕ್ಕಡಿಯೇನೋ ಸಮವಾಗಿತ್ತು. ಆದರೆ ಗುದ್ದಾಟದ ಪುಟಗಳನ್ನು ಕಿತ್ತರೆ ತಾಯಿಗೆ ನಷ್ಟವಿಲ್ಲ, ತಾಯಿಯನ್ನು ತೆಗೆದರೆ ಗುದ್ದಾಟಕ್ಕೆ ಕುಂದಿಲ್ಲ.

ಮಹಾಭಾರತದ ಕರ್ಣನನ್ನು ನೋಡು ಎಂದೆ. ಅರ್ಜುನನೊಬ್ಬನನ್ನುಳಿದು ಮಿಕ್ಕ ನಾಲ್ವರನ್ನು ಕೊಲ್ಲೆನೆಂದು ಅವನು ಕುಂತಿಗೆ ಮಾತು ಕೊಟ್ಟದ್ದು ಯುದ್ಧಕ್ಕೆ ಮುನ್ನ. ಆಮೇಲೆ ಭೀಮ, ಸಹದೇವ, ನಕುಲ, ಧರ್ಮರಾಯ ಒಬ್ಬೊಬ್ಬರಾಗಿ ಅವನ ಕೈಗೆ ಸಿಕ್ಕುತ್ತಾರೆ. ಒಬ್ಬೊಬ್ಬರನ್ನೂ ಹಂಗಿಸಿ ಬಿಟ್ಟುಬಿಡುತ್ತಾನೆ. ಏಕೆ ಬಿಟ್ಟನೆಂದು ಸೋತವರಿಗೆ ತಿಳಿಯದು, ನಮಗೆ ತಿಳಿದಿದೆ. ಒಂದು ಹನಿ ಕಣ್ಣೀರಿಲ್ಲದೆ ತಾಯಿ ರಣರಂಗದ ನಡುವೆಯೇ ನಿಂತಿದ್ದಾಳೆ. ನಮ್ಮ ತಾಳಮದ್ದಳೆಯಲ್ಲಂತೂ ವೇಷವಿಲ್ಲ, ಕುಣಿತವಿಲ್ಲ. ಬಲ್ಲ ಅರ್ಥಧಾರಿಗಳು ಮಾತಿನಿಂದಲೇ ಕಾಳಗ ನಡೆಸುತ್ತಾರೆ. ಚಿತ್ರಕಥೆಯ ವೀರರು ಗುದ್ದುತ್ತಲೇ ಭಾಷಣ ಮಾಡುತ್ತಾರೆಂದು ನಗುವವರು ಇದನ್ನೊಮ್ಮೆ ನೆನೆಯಬಾರದೆ?

ಅಮೆರಿಕದ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೋ 1962ರಲ್ಲಿ ಸೃಷ್ಟಿಸಿದ ಸ್ಪೈಡರ್‌ಮ್ಯಾನ್‌ನ ಮೊದಲ ಕಥೆ ಕೇವಲ 11 ಪುಟಗಳದು. ತನಗೇಕೆ ಈ ಗೊಡವೆಯೆಂದು ಹಿಂದೊಮ್ಮೆ ಓಡಗೊಟ್ಟ ಕಳ್ಳನೇ ತನ್ನನ್ನು ಸಾಕಿದ ದೊಡ್ಡಪ್ಪನನ್ನು ಕೊಂದವನೆಂಬುದು, ಆ ತರುಣನಿಗೆ ಗೊತ್ತಾಗುವುದು ಅವನನ್ನು ಹಿಡಿದು ಮುಖ ನೋಡಿದಾಗಲೇ. ಗೆಲವಿನ ಕ್ಷಣವೇ ದುಃಖದ ಕ್ಷಣ! ಇಲ್ಲಿ ಯಾವುದನ್ನು ಕೀಳುವಿರಿ?

ಚಿತ್ರಕಥೆ ಬರೆಯಹೊರಟ ತರುಣರು ಪುಟಗಳನ್ನು ಪಾಲು ಹಾಕಬೇಕಾದುದಿಲ್ಲ. ತಾಯಿಯ ಔಷಧದ ಸೀಸೆ ನಾಯಕನ ಜೇಬಿನಲ್ಲಿರಲಿ. ಅದೆಲ್ಲಿ ಒಡೆದೀತೋ ಎಂಬ ಅಳುಕಿನಲ್ಲೇ ಅವನು ಹೋರಾಡಲಿ.

ಎಲ್ಲ ವೀರರಿಗೂ ಮನೆವಾರ್ತೆ ಇರಲೇಬೇಕೆಂಬುದು ನನ್ನ ವಾದವಲ್ಲ. 1936ರಲ್ಲಿ ಕಾಣಿಸಿಕೊಂಡ ಫ್ಯಾಂಟಮ್ ಡಯಾನಾಳ ಕೈಹಿಡಿದದ್ದು 1977ರಲ್ಲಿ. ಅಲ್ಲಿಯವರೆಗಿನ 41 ವರ್ಷ ಕಾಡಿನಲ್ಲಿ ಗುದ್ದಾಡಿಕೊಂಡೇ ಓದುಗರನ್ನು ಹಿಡಿದಿಟ್ಟ. ಆದರೆ ಅಷ್ಟು ಕಾಲ ಕಾದ ಡಯಾನಾಳ ತಾಳ್ಮೆಯ ಮೇಲೆ ಬೇರೆಯೇ ಒಂದು ಚಿತ್ರಕಥೆ ಬರೆಯಬಹುದು!