ಗಡಿ ದಾಟಿದ ಪಿಸ್ತೂಲು

ಬೆಂಗಳೂರಿನಿಂದ ಹೊಸೂರಿಗೆ ಹೊರಟ ಸ್ಕೂಟರ್ ಸವಾರ ಅತ್ತಿಬೆಲೆ ದಾಟಿದ ಮೇಲೆ ಹೊಸ ಡ್ರೈವಿಂಗ್ ಲೈಸೆನ್ಸ್ ಮಾಡಿಸಬೇಕಾಗಿಲ್ಲ. ಅಮೆರಿಕದಲ್ಲೂ ಹಾಗೆಯೇ. ಪೆನ್ಸಿಲ್ವೇನಿಯ ರಾಜ್ಯ ಕೊಟ್ಟ ಡ್ರೈವಿಂಗ್ ಲೈಸೆನ್ಸಿಗೆ ಪಕ್ಕದ ನ್ಯೂಜೆರ್ಸಿಯಲ್ಲಿ ಬೆಲೆಯುಂಟು. ಪಿಸ್ತೂಲಿನ ಲೈಸೆನ್ಸಿಗೆ ಮಾತ್ರ ಇಲ್ಲ. ಎರಡೂ ರಾಜ್ಯಗಳ ನಡುವೆ ಹರಿಯುವುದು ಡೆಲಾವೇರ್ ನದಿ. ಅದರ ಈ ದಡದಲ್ಲಿ ಸಕ್ರಮವಾದದ್ದು ಆ ದಡದಲ್ಲಿ ಅಪರಾಧ.

ಫಿಲಡೆಲ್ಫಿಯದ ಇಪ್ಪತ್ತೇಳರ ತಾಯಿಯೊಬ್ಬಳಿಗೆ ಇದು ತಿಳಿದಿರಲಿಲ್ಲ. ದರೋಡೆಗೊಳಗಾಗಿದ್ದ ಆಕೆ ಆತ್ಮರಕ್ಷಣೆಗೆಂದು ಪಿಸ್ತೂಲು ಕೊಂಡು, ತನ್ನ ರಾಜ್ಯದ ಲೈಸೆನ್ಸನ್ನೂ ಪಡೆದಿದ್ದಳು. 2013ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿಯ ಹೆದ್ದಾರಿಯಲ್ಲಿ ಸಣ್ಣದೊಂದು ಸಂಚಾರ ತಪ್ಪಿಗಾಗಿ ಪೊಲೀಸರು ಕಾರು ನಿಲ್ಲಿಸಿದರು. ಬಳಿಯಲ್ಲಿ ಪಿಸ್ತೂಲಿದೆ, ಲೈಸೆನ್ಸೂ ಇದೆ ಎಂದು ಆಕೆಯೇ ಹೇಳಿದಳು. ಬಂಧನವಾಯಿತು. ಅಲ್ಲಿನ ಕಾನೂನಿನಂತೆ ಕನಿಷ್ಠ ಶಿಕ್ಷೆ ಮೂರೂವರೆ ವರ್ಷ ಜೈಲು. ಇಬ್ಬರು ಮಕ್ಕಳ ತಾಯಿಯ ಪ್ರಕರಣ ದೇಶದ ತುಂಬ ಗದ್ದಲವೆಬ್ಬಿಸಿತು. 2014ರಲ್ಲಿ ಸರ್ಕಾರಿ ವಕೀಲರು ಜೈಲಿನ ಪಟ್ಟು ಸಡಿಲಿಸಿದರು, 2015ರ ಏಪ್ರಿಲ್‌ನಲ್ಲಿ ರಾಜ್ಯಪಾಲ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟರು.

ನಮ್ಮಲ್ಲಿ ಶಸ್ತ್ರಾಸ್ತ್ರಗಳ ವಿಷಯ ಸಂವಿಧಾನದ ಕೇಂದ್ರ ಪಟ್ಟಿಗೆ ಸೇರಿದ್ದು. ದೇಶಕ್ಕೆಲ್ಲ ಒಂದೇ ಕಾಯಿದೆ, 1959ರದು. ಆದರೂ ಲೈಸೆನ್ಸ್ ಯಾವ ಪ್ರದೇಶದಲ್ಲಿ ನಡೆಯುತ್ತದೆ ಎಂಬುದನ್ನು ಅದರಲ್ಲಿಯೇ ಬರೆದಿರುತ್ತಾರೆ. ಅಮೆರಿಕದಲ್ಲಿ ಕೇಂದ್ರದ ಕಾನೂನಿನ ಜೊತೆಗೆ ಐವತ್ತು ರಾಜ್ಯಗಳ ಐವತ್ತು ಬಗೆಯ ಕಾನೂನುಗಳಿವೆ. ಕೆಲವು ರಾಜ್ಯಗಳು ಲೈಸೆನ್ಸನ್ನೇ ಕೇಳುವುದಿಲ್ಲ. ಕೆಲವು ಗುಂಡಿನ ಮೂತಿ ಟೊಳ್ಳೇ ಗಟ್ಟಿಯೇ ಎಂಬುದನ್ನೂ ನೋಡುತ್ತವೆ.

ಹಾಗಾದರೆ ನಡುವಿನ ರಾಜ್ಯವೊಂದನ್ನು ಹಾದುಹೋಗಬೇಕಾದವನ ಗತಿ? 1986ರಲ್ಲಿ ಅಮೆರಿಕದ ಸಂಸತ್ತು ಅಂಥವರಿಗಾಗಿಯೇ ಒಂದು ಕಾನೂನು ಮಾಡಿತು. ಹೊರಟ ಊರಿನಲ್ಲೂ ತಲುಪುವ ಊರಿನಲ್ಲೂ ಪಿಸ್ತೂಲು ಸಕ್ರಮವಾಗಿದ್ದರೆ ನಡುದಾರಿಯ ರಾಜ್ಯ ತಡೆಯುವಂತಿಲ್ಲ. ಆದರೆ ಪಿಸ್ತೂಲಿನಲ್ಲಿ ಗುಂಡು ತುಂಬಿರಬಾರದು. ಪಿಸ್ತೂಲಾಗಲಿ ಗುಂಡಾಗಲಿ ಕೂತಲ್ಲಿಂದ ಕೈಗೆ ಸಿಗಬಾರದು. ಡಿಕ್ಕಿಯಲ್ಲಿಡಬೇಕು, ಡಿಕ್ಕಿಯಿಲ್ಲದ ವಾಹನವಾದರೆ ಬೀಗ ಹಾಕಿದ ಪೆಟ್ಟಿಗೆಯಲ್ಲಿ. ಡ್ಯಾಶ್‌ಬೋರ್ಡಿನ ಗೂಡಿಗೆ ಬೀಗ ಹಾಕಿದರೆ ನಡೆಯದು. ಕೇಳಲು ಸರಳ. ತೊಡಕು ಶುರುವಾಗುವುದು ಪ್ರಯಾಣ ನಿಂತಾಗ.

2005ರಲ್ಲಿ ಯೂಟಾ ರಾಜ್ಯದವನೊಬ್ಬ ಪೆನ್ಸಿಲ್ವೇನಿಯಕ್ಕೆ ವಿಮಾನದಲ್ಲಿ ಹೊರಟ. ನಿಯಮದಂತೆ ಪಿಸ್ತೂಲನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ವಿಮಾನ ಕಂಪನಿಗೆ ತಿಳಿಸಿ, ಸಾಮಾನಿನೊಂದಿಗೆ ಒಪ್ಪಿಸಿದ್ದ. ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿತು. ಬದಲಿಗೆ ಬಸ್ಸು ಸಿಕ್ಕಿತು, ಪೆಟ್ಟಿಗೆ ಅದರಲ್ಲಿರಲಿಲ್ಲ. ಪೆಟ್ಟಿಗೆ ಹುಡುಕುವಷ್ಟರಲ್ಲಿ ಬಸ್ಸೂ ಹೋಯಿತು. ರಾತ್ರಿ ಹೋಟೆಲಿನಲ್ಲಿ ಮಲಗಿ ಬೆಳಿಗ್ಗೆ ಮತ್ತೆ ವಿಮಾನ ನಿಲ್ದಾಣಕ್ಕೆ ಬಂದು, ನಿಯಮದಂತೆ ಮತ್ತೆ ತಾನೇ ಹೇಳಿದ: ಪಿಸ್ತೂಲಿದೆ. ಕೈಗೆ ಕೋಳ ಬಿತ್ತು. ಕೆಲವು ದಿನ ಜೈಲಾಯಿತು. ಆರೋಪ ಕೈಬಿಟ್ಟರೂ ಪಿಸ್ತೂಲು ಕೈಗೆ ಬರಲು ಎರಡು ವರ್ಷಕ್ಕೂ ಹೆಚ್ಚು ಬೇಕಾಯಿತು.

ಆತ ಪರಿಹಾರ ಕೇಳಿ ದಾವೆ ಹೂಡಿದ. 2010ರಲ್ಲಿ ಕೇಂದ್ರದ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ. ಆ ರಾತ್ರಿ ಹೋಟೆಲಿನಲ್ಲಿ ಪಿಸ್ತೂಲು ಕೈಗೆ ಸಿಗುವಂತಿತ್ತು, ಆದ್ದರಿಂದ 1986ರ ಕಾನೂನಿನ ರಕ್ಷಣೆಯಿಲ್ಲ ಎಂದಿತು. ಹಾಗಾದರೆ ಏನು ಮಾಡಬೇಕಿತ್ತು? ಪೆಟ್ಟಿಗೆಯನ್ನು ಕೈಗೆ ತೆಗೆದುಕೊಳ್ಳುವ ಮೊದಲೇ ನಿಲ್ದಾಣದ ಪೊಲೀಸರಿಗೆ ಹೇಳಿ, ರಾತ್ರಿ ಇಟ್ಟುಕೊಳ್ಳಿ ಎಂದು ಕೇಳಬಹುದಿತ್ತಂತೆ! ಅಪರಿಚಿತ ಊರಿನಲ್ಲಿ, ಪೆಟ್ಟಿಗೆ ಕಳೆದು ಸುಸ್ತಾದವನಿಗೆ ಅದು ಹೊಳೆಯಬೇಕಿತ್ತು.

ಒಂದು ರಾಜ್ಯದ ಲೈಸೆನ್ಸಿಗೆ ಎಲ್ಲ ರಾಜ್ಯಗಳೂ ಮನ್ನಣೆ ಕೊಡಬೇಕೆಂಬ ಮಸೂದೆಯನ್ನು 2017ರ ಡಿಸೆಂಬರಿನಲ್ಲಿ ಕೆಳಮನೆ ಅಂಗೀಕರಿಸಿತು. ಮೇಲ್ಮನೆಯಲ್ಲಿ ಅದು ನೆನೆಗುದಿಗೆ ಬಿತ್ತು.

ಮಕ್ಕಳನ್ನು ಓದಲು ಅಲ್ಲಿಗೆ ಕಳಿಸಿದ ತಂದೆ-ತಾಯಿಗಳು, ಇದು ಬಂದೂಕು ಇಟ್ಟುಕೊಂಡವರ ಪಾಡು, ನಮಗೇಕೆ ಎನ್ನಬಹುದು. ಎಫ್-1 ವೀಸಾದ ವಿದ್ಯಾರ್ಥಿ ಅಮೆರಿಕದಲ್ಲಿ ಬಂದೂಕನ್ನಷ್ಟೇ ಅಲ್ಲ, ಒಂದು ಗುಂಡನ್ನೂ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸಿನಂಥ ಕೆಲವೇ ವಿನಾಯಿತಿಗಳಿವೆ. ಇನ್ನು ರಜೆಯಲ್ಲಿ ಗೆಳೆಯನ ಕಾರಿನಲ್ಲಿ ಊರು ನೋಡಲು ಹೊರಟಾಗ? ನ್ಯೂಯಾರ್ಕ್ ರಾಜ್ಯದಲ್ಲಿ ಕಾರಿನೊಳಗೆ ಬಂದೂಕು ಸಿಕ್ಕರೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಅದು ಕಾರಿನಲ್ಲಿದ್ದವರೆಲ್ಲರ ವಶದಲ್ಲಿತ್ತೆಂದು ಊಹಿಸಲು ಕಾನೂನಿನಲ್ಲಿ ಅವಕಾಶವಿದೆ. ಅಲ್ಲಿ ವೇಗ ಮೀರಿದ ಕಾರೊಂದನ್ನು ತಡೆದಾಗ ಹದಿನಾರರ ಹುಡುಗಿಯ ತೆರೆದ ಕೈಚೀಲದಲ್ಲಿ ಎರಡು ಪಿಸ್ತೂಲುಗಳು ಕಂಡಿದ್ದವು. ಜೊತೆಗಿದ್ದ ಮೂವರು ಗಂಡಸರಿಗೂ ಶಿಕ್ಷೆಯಾಯಿತು. 1979ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು.